ದೂರದ ಓಟ ಮತ್ತು ಅನುಮಾನದ ಚರಿತ್ರೆ: ಬೆಂಗಳೂರಿನ ಪಶ್ಚಿಮ ಭಾಗದ ಕ್ರೀಡಾಕೇಂದ್ರದ ಹಿನ್ನೆಲೆಯಲ್ಲಿ ಒಂದು ಅವಲೋಕನ

ಪೀಠಿಕೆ

ಕರ್ನಾಟಕದ ಕ್ರೀಡಾ ಚರಿತ್ರೆಯನ್ನು ಕುರಿತ ಬರವಣಿಗೆಯು ಬಹುಮಟ್ಟಿಗೆ ಪದಕಗಳ, ದಾಖಲೆಗಳ ಮತ್ತು ಪ್ರಶಸ್ತಿ ಪುರಸ್ಕೃತರ ಚರಿತ್ರೆಯಾಗಿದೆ. ಪದಕದ ಬೆನ್ನಿಗೇ ಹುಟ್ಟಿಕೊಳ್ಳುವ ಶಂಕೆಗೂ ಒಂದು ಚರಿತ್ರೆಯಿದೆ ಎಂಬ ಅಂಶವು ಅಷ್ಟಾಗಿ ಗಮನ ಸೆಳೆದಿಲ್ಲ. ಉದ್ದೀಪನ ಮದ್ದಿನ ಸೇವನೆಯ ಪ್ರಕರಣಗಳು ವೃತ್ತಪತ್ರಿಕೆಗಳಲ್ಲಿ ಕೆಲವು ದಿನ ಪ್ರಮುಖ ಸುದ್ದಿಯಾಗಿ, ಅನಂತರ ಮರೆಯಾಗುತ್ತವೆ. ಅವುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದಾಗ ಮಾತ್ರ ಅವುಗಳ ಹಿಂದಿರುವ ಸಾಂಸ್ಥಿಕ ಬದಲಾವಣೆಗಳು ಗೋಚರಿಸುತ್ತವೆ.

ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ‘ಅನುಮಾನ’ವೆಂಬುದು ಪ್ರಮಾಣಗಳಲ್ಲಿ ಒಂದು. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಅರಿಯುವುದು ಅದರ ಪ್ರಸಿದ್ಧ ನಿದರ್ಶನ. ಕನ್ನಡದ ನಿತ್ಯಬಳಕೆಯಲ್ಲಿ ಇದೇ ಪದವು ಶಂಕೆ, ಸಂದೇಹ ಎಂಬ ಅರ್ಥವನ್ನು ಪಡೆದುಕೊಂಡಿದೆ. ಮೊದಲನೆಯ ಅರ್ಥದ ಅನುಮಾನಕ್ಕೆ ಹೇತು ಬೇಕು, ವ್ಯಾಪ್ತಿ ಬೇಕು, ನಿದರ್ಶನ ಬೇಕು. ಎರಡನೆಯ ಅರ್ಥದ ಅನುಮಾನಕ್ಕೆ ಇವಾವುವೂ ಬೇಕಿಲ್ಲ. ದೂರದ ಓಟದ ಕ್ಷೇತ್ರದಲ್ಲಿ ಕಳೆದ ಒಂದು ಶತಮಾನದ ಅವಧಿಯಲ್ಲಿ ನಡೆದ ಪ್ರಯತ್ನವೆಲ್ಲ ಎರಡನೆಯದನ್ನು ಮೊದಲನೆಯದಾಗಿ ಪರಿವರ್ತಿಸುವ ಪ್ರಯತ್ನವೇ ಆಗಿದೆ. ಈ ಪರಿವರ್ತನೆಯು ಓಟಗಾರರ ದೇಹದ ಮಟ್ಟಿಗೆ ಬಹುಪಾಲು ಯಶಸ್ವಿಯಾಗಿದೆ. ಆ ದೇಹದೊಳಕ್ಕೆ ಮದ್ದನ್ನು ತಲುಪಿಸುವ ಹಿರಿಯರ ಮಟ್ಟಿಗೆ ಅದು ಇನ್ನೂ ಶಂಕೆಯ ಹಂತದಲ್ಲಿಯೇ ಉಳಿದಿದೆ. ಈ ಅಸಮತೆಯ ಪರಿಣಾಮವನ್ನು ಹೆಚ್ಚಾಗಿ ಅನುಭವಿಸುವವರು ಎಳೆಯ ವಯಸ್ಸಿನ ಕ್ರೀಡಾಪಟುಗಳು ಎಂಬುದನ್ನು ಪ್ರಸ್ತುತ ಪ್ರಬಂಧವು ಪ್ರತಿಪಾದಿಸುತ್ತದೆ.

ನಿಷೇಧಕ್ಕೆ ಮುಂಚಿನ ಓಟ

ಉದ್ದೀಪನ ಮದ್ದಿನ ಸೇವನೆಯು ಆರಂಭದಲ್ಲಿ ಅಪರಾಧವಾಗಿರಲಿಲ್ಲ. 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನ ಮ್ಯಾರಥಾನ್ ಗೆದ್ದ ಅಮೆರಿಕದ ಥಾಮಸ್ ಹಿಕ್ಸ್‌ನಿಗೆ ಓಟದ ನಡುವೆಯೇ ಅವನ ಸಹಾಯಕರು ಸ್ಟ್ರಿಕ್ನಿನ್ ಎಂಬ ವಿಷಪದಾರ್ಥವನ್ನು ಮೊಟ್ಟೆಯ ಬಿಳಿಯ ಭಾಗ ಮತ್ತು ಬ್ರಾಂದಿಯೊಡನೆ ಬಹಿರಂಗವಾಗಿಯೇ ನೀಡಿದ್ದರು. ಅದನ್ನು ಯಾರೂ ಮುಚ್ಚಿಡಲಿಲ್ಲ. ನಿಷೇಧವಿಲ್ಲದಿದ್ದುದರಿಂದ ಅನುಮಾನಕ್ಕೂ ಆಸ್ಪದವಿರಲಿಲ್ಲ.

ಈ ಕಾಲಘಟ್ಟದ ಕೊನೆಯಲ್ಲಿ ಕರ್ನಾಟಕದ ದೂರದ ಓಟದ ಚರಿತ್ರೆಯು ಆರಂಭವಾಗುತ್ತದೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ತೆರಳಿದ ಸಣ್ಣ ತಂಡದಲ್ಲಿ ಬೆಳಗಾವಿ ಪ್ರದೇಶದ ಫಡೆಪ್ಪ ದರೆಪ್ಪ ಚೌಗುಲೆ ಅವರಿದ್ದರು. ಮ್ಯಾರಥಾನ್‌ನಲ್ಲಿ ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ತಲುಪಿ 19ನೆಯ ಸ್ಥಾನ ಪಡೆದರು. ಈ ಸಾಧನೆಯ ಮೇಲೆ ಯಾವ ಸಂದೇಹದ ನೆರಳೂ ಬೀಳಲಿಲ್ಲ. ಅಂದಿನ ಓಟಗಾರನ ಕಾಲಮಾನವನ್ನು ಜನರು ಅವನ ದೇಹಶಕ್ತಿಯ ಅಳತೆಯೆಂದೇ ಸ್ವೀಕರಿಸುತ್ತಿದ್ದರು.

ಅಂತರರಾಷ್ಟ್ರೀಯ ಅಥ್ಲೆಟಿಕ್ ಒಕ್ಕೂಟವು 1928ರಲ್ಲಿ ಉತ್ತೇಜಕ ಪದಾರ್ಥಗಳನ್ನು ನಿಷೇಧಿಸಿತು. ಆದರೆ ನಿಷೇಧವನ್ನು ಜಾರಿಗೊಳಿಸುವ ಪರೀಕ್ಷೆಯು ಆಗ ಲಭ್ಯವಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಮೂತ್ರಪರೀಕ್ಷೆಯು 1968ರಲ್ಲಿಯೂ, ಸ್ಟೀರಾಯ್ಡುಗಳ ಪರೀಕ್ಷೆಯು 1976ರಲ್ಲಿಯೂ ಆರಂಭವಾದವು. ರಕ್ತದಲ್ಲಿ ಕೆಂಪುಕಣಗಳನ್ನು ಹೆಚ್ಚಿಸುವ ಎರಿಥ್ರೊಪೊಯೆಟಿನ್ (ಇಪಿಒ) ಎಂಬ ಹಾರ್ಮೋನು ದೂರದ ಓಟಕ್ಕೆ ನೇರವಾಗಿ ಸಂಬಂಧಿಸಿದುದು. ಮೂತ್ರಪಿಂಡದ ಕಾಯಿಲೆಯಿಂದ ಬಳಲುವವರಿಗಾಗಿ ತಯಾರಾದ ಇದರ ಕೃತಕ ರೂಪವನ್ನು 1990ರಲ್ಲಿ ನಿಷೇಧಿಸಲಾಯಿತಾದರೂ ಅದನ್ನು ಪತ್ತೆಹಚ್ಚುವ ಪರೀಕ್ಷೆ ಜಾರಿಗೆ ಬಂದುದು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ. ನಿಷೇಧಕ್ಕೂ ಪರೀಕ್ಷೆಗೂ ನಡುವಣ ಈ ಹತ್ತು ವರ್ಷಗಳು ದೂರದ ಓಟದ ಚರಿತ್ರೆಯಲ್ಲಿ ಶಂಕೆಯ ದಶಕವೆನಿಸಿವೆ.

ಈ ದಶಕಕ್ಕೆ ಚೀನಾದ ಓಟಗಾರ್ತಿಯರು ಉತ್ತಮ ನಿದರ್ಶನ. ಮಾ ಜುನ್‌ರೆನ್ ಎಂಬ ತರಬೇತುದಾರನ ಶಿಷ್ಯೆ ವಾಂಗ್ ಜುನ್‌ಷಿಯಾ 1993ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ 10,000 ಮೀಟರ್ ದೂರವನ್ನು 29 ನಿಮಿಷ 31.78 ಸೆಕೆಂಡುಗಳಲ್ಲಿ ಕ್ರಮಿಸಿದಳು. 2016ರವರೆಗೆ ಈ ದಾಖಲೆಯನ್ನು ಯಾರೂ ಮುರಿಯಲಾಗಲಿಲ್ಲ. ಕಠಿಣ ತರಬೇತಿ ಮತ್ತು ಆಮೆಯ ರಕ್ತ ಬೆರೆಸಿದ ಪಾನೀಯಗಳು ತನ್ನ ತಂಡದ ಗುಟ್ಟೆಂದು ತರಬೇತುದಾರ ಹೇಳಿಕೊಂಡನು. 2000ದ ಒಲಿಂಪಿಕ್ಸ್‌ಗೆ ಮುನ್ನ ಇದೇ ತರಬೇತುದಾರನ ಆರು ಓಟಗಾರ್ತಿಯರನ್ನು ಚೀನಾ ತನ್ನ ತಂಡದಿಂದ ಕೈಬಿಟ್ಟಿತು. ಅಷ್ಟರಲ್ಲಾಗಲೇ ಏಷ್ಯಾದ ಯಾವ ಯುವ ಓಟಗಾರ್ತಿಯು ಹಠಾತ್ತನೆ ಮುಂದೆ ಬಂದರೂ ಜನರು ಹುಬ್ಬೇರಿಸುವಂತಹ ವಾತಾವರಣ ನಿರ್ಮಾಣವಾಗಿತ್ತು.

ಜ್ಞಾನಭಾರತಿಯ ಕ್ರೀಡಾಕೇಂದ್ರ

ಭಾರತದಲ್ಲಿ ದೂರದ ಓಟವು ಶಿಬಿರಗಳ ಮೂಲಕ ಬೆಳೆದ ಕ್ರೀಡೆ. 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ಸ್ಥಾಪನೆಯಾಯಿತು. ಅದರ ದಕ್ಷಿಣ ಕೇಂದ್ರವು 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡಿತು. 1984ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರ (ಸಾಯ್) ಅಸ್ತಿತ್ವಕ್ಕೆ ಬಂದ ಮೇಲೆ ಈ ಕೇಂದ್ರವು ಅದರ ಆಡಳಿತಕ್ಕೆ ಸೇರಿ, ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಹೋಗುವ ದಾರಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ನೆಲೆಗೊಂಡಿತು.

ಈ ಸ್ಥಳದ ಆಯ್ಕೆಗೆ ಭೌಗೋಳಿಕ ಅನುಕೂಲಗಳಿದ್ದವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ವರ್ಷವಿಡೀ ಹಿತವಾದ ಹವೆ, ಮರಗಳ ನಡುವಣ ಏರಿಳಿತದ ರಸ್ತೆಗಳು ದೂರದ ಓಟದ ಅಭ್ಯಾಸಕ್ಕೆ ಸಹಕಾರಿ. ಇನ್ನೂ ಹೆಚ್ಚಿನ ಎತ್ತರ ಬೇಕಾದಾಗ ಸುಮಾರು 2,200 ಮೀಟರ್ ಎತ್ತರದ ಊಟಿಯು ಒಂದು ದಿನದ ಪ್ರಯಾಣದಲ್ಲಿದೆ. ಬೆಲಾರೂಸ್‌ನ ನಿಕೊಲಾಯ್ ಸ್ನೆಸರೆವ್ ಅವರ ಮಾರ್ಗದರ್ಶನದ ದೂರದ ಓಟದ ರಾಷ್ಟ್ರೀಯ ಶಿಬಿರವು ಹಲವು ವರ್ಷ ಈ ಎರಡು ಸ್ಥಳಗಳನ್ನು ಬಳಸಿಕೊಂಡಿತು. ಅವರು 2021ರ ಮಾರ್ಚ್‌ನಲ್ಲಿ ಪಟಿಯಾಲದಲ್ಲಿ ನಿಧನರಾದರು.

ಈ ಕೇಂದ್ರದ ಸಾಮಾಜಿಕ ಸ್ವರೂಪವೂ ಗಮನಾರ್ಹ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ಬಡಾವಣೆಗಳ ಮಧ್ಯಮವರ್ಗದವರಿಗೆ ಜ್ಞಾನಭಾರತಿಯ ರಸ್ತೆಗಳು ಮುಂಜಾನೆಯ ನಡಿಗೆಯ ಮತ್ತು ಹವ್ಯಾಸಿ ಓಟದ ತಾಣ. ಕ್ರೀಡಾಕೇಂದ್ರದ ಬೇಲಿಯೊಳಗಿನ ಓಟಗಾರರಿಗೆ ಅದೇ ರಸ್ತೆಯು ಜೀವನೋಪಾಯದ ದಾರಿ. ದೇಶದ ದೂರದ ಓಟಗಾರರಲ್ಲಿ ಬಹುಪಾಲು ಮಂದಿ ಗ್ರಾಮೀಣ, ಕೃಷಿಕ ಹಾಗೂ ಕೂಲಿಕಾರ ಕುಟುಂಬಗಳಿಂದ ಬಂದವರು. ರೈಲ್ವೆ, ಸೇನೆ, ಪೊಲೀಸ್, ಆದಾಯ ತೆರಿಗೆ ಮುಂತಾದ ಇಲಾಖೆಗಳಲ್ಲಿ ಕ್ರೀಡಾ ಕೋಟಾದಡಿ ದೊರೆಯುವ ಹುದ್ದೆಗೆ ರಾಷ್ಟ್ರಮಟ್ಟದ ಅಥವಾ ಅಂತರ ವಿಶ್ವವಿದ್ಯಾಲಯ ಮಟ್ಟದ ಪದಕವೇ ಅರ್ಹತೆ. ಹದಿನೆಂಟು ವರ್ಷದ ಓಟಗಾರನಿಗೆ ಕೆಲವು ಸೆಕೆಂಡುಗಳ ಸುಧಾರಣೆ ಎಂದರೆ ಒಂದು ಕುಟುಂಬದ ಖಾಯಂ ಸಂಬಳ. ಮದ್ದಿನ ಪ್ರಲೋಭನೆಯನ್ನು ಕೇವಲ ಕೀರ್ತಿಯ ಹಂಬಲವೆಂದು ವಿವರಿಸುವುದು ಈ ಆರ್ಥಿಕ ವಾಸ್ತವವನ್ನು ಅಲಕ್ಷಿಸಿದಂತಾಗುತ್ತದೆ.

ಬೂಸಾನ್‌ನಿಂದ ದೋಹಾದವರೆಗೆ

ಭಾರತದ ದೂರದ ಓಟದಲ್ಲಿ ಅನುಮಾನವು ರಾಷ್ಟ್ರೀಯ ಚರ್ಚೆಯ ವಿಷಯವಾದುದು 2002ರಲ್ಲಿ. ಬೂಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಪಂಜಾಬಿನ ಸುನೀತಾ ರಾಣಿ 1,500 ಮೀಟರ್ ಓಟವನ್ನು 4 ನಿಮಿಷ 6.03 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನವನ್ನು, 5,000 ಮೀಟರ್ ಓಟದಲ್ಲಿ ಕಂಚನ್ನು ಗೆದ್ದರು. ಬಳಿಕ ನಾಂಡ್ರೊಲೋನ್ ಎಂಬ ಸ್ಟೀರಾಯ್ಡಿನ ಅಂಶವು ಮೂತ್ರದಲ್ಲಿ ಪತ್ತೆಯಾಯಿತೆಂದು ಪ್ರಕಟಿಸಿ ಪದಕಗಳನ್ನು ಹಿಂಪಡೆಯಲಾಯಿತು. ಭಾರತೀಯ ಒಲಿಂಪಿಕ್ ಸಂಸ್ಥೆಯು ಈ ತೀರ್ಮಾನವನ್ನು ಪ್ರಶ್ನಿಸಿತು. ಸಿಯೋಲ್ ಪ್ರಯೋಗಾಲಯದ ಪರೀಕ್ಷೆಯಲ್ಲಿ ಅಸಂಗತತೆಗಳು ಕಂಡುಬಂದ ಕಾರಣ ಅವರನ್ನು ಆರೋಪಮುಕ್ತಗೊಳಿಸಿ, 2003ರಲ್ಲಿ ಪದಕಗಳನ್ನು ಮರಳಿಸಲಾಯಿತು. ಅವರ ರಾಷ್ಟ್ರೀಯ ದಾಖಲೆಯು 2021ರವರೆಗೆ ಉಳಿಯಿತು.

ಪದಕ ಮರಳಿದರೂ ಪದಕ ಕಳೆದುಕೊಂಡ ಸುದ್ದಿಯನ್ನು ಹಿಂಪಡೆಯಲು ಸಾಧ್ಯವಿರಲಿಲ್ಲ. ಆ ಹೊತ್ತಿಗೆ ಭಾರತದಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯವಾಗಲಿ, ಸ್ವತಂತ್ರ ತಡೆ ಘಟಕವಾಗಲಿ ಇರಲಿಲ್ಲ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕವು (ನಾಡಾ) 2005ರಲ್ಲಿ ಸ್ಥಾಪನೆಯಾಯಿತು. 2007ರಲ್ಲಿ ಭಾರತವು ಯುನೆಸ್ಕೊ ಒಡಂಬಡಿಕೆಯನ್ನು ಅನುಮೋದಿಸಿತು. ದೆಹಲಿಯ ರಾಷ್ಟ್ರೀಯ ಪ್ರಯೋಗಾಲಯಕ್ಕೆ ವಿಶ್ವ ಉದ್ದೀಪನ ಮದ್ದು ತಡೆ ಘಟಕದ (ವಾಡಾ) ಮಾನ್ಯತೆ ದೊರೆತುದು 2008ರಲ್ಲಿ. ಈ ಮಾನ್ಯತೆಯೂ ಅಬಾಧಿತವಾಗಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಅಮಾನತಾದ ಪ್ರಯೋಗಾಲಯವು 2021ರ ಡಿಸೆಂಬರ್‌ನಲ್ಲಿ ಮಾನ್ಯತೆಯನ್ನು ಮರಳಿ ಪಡೆಯಿತು.

ಇದೇ ನಾಂಡ್ರೊಲೋನ್ ಪ್ರಶ್ನೆಯು ಹದಿನೇಳು ವರ್ಷಗಳ ನಂತರ ಮತ್ತೆ ಎದುರಾಯಿತು. ತಮಿಳುನಾಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಆದಾಯ ತೆರಿಗೆ ಇಲಾಖೆಯ ಉದ್ಯೋಗಿಯಾಗಿದ್ದ ಗೋಮತಿ ಮಾರಿಮುತ್ತು 2019ರ ಏಪ್ರಿಲ್‌ನಲ್ಲಿ ದೋಹಾ ಏಷ್ಯನ್ ಚಾಂಪಿಯನ್‌ಷಿಪ್‌ನ 800 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಅದಕ್ಕೂ ಮುಂಚಿನ ಮಾರ್ಚ್ ತಿಂಗಳಲ್ಲಿ ಪಟಿಯಾಲದಲ್ಲಿ ಪಡೆದ ಮಾದರಿಯೂ ಸೇರಿದಂತೆ ಒಂದಕ್ಕಿಂತ ಹೆಚ್ಚು ಮಾದರಿಗಳು ದೋಷಯುಕ್ತವೆಂದು ಸಾಬೀತಾಗಿ, ಅವರಿಗೆ ನಾಲ್ಕು ವರ್ಷಗಳ ನಿಷೇಧ ವಿಧಿಸಲಾಯಿತು. ಲೂಸಾನ್‌ನ ಕ್ರೀಡಾ ನ್ಯಾಯಮಂಡಳಿಯು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಒಂದೇ ಪದಾರ್ಥಕ್ಕೆ ಸಂಬಂಧಿಸಿದ ಎರಡು ಪ್ರಕರಣಗಳಲ್ಲಿ ಒಂದು ಬಿದ್ದುಹೋಗಿ ಮತ್ತೊಂದು ನಿಂತಿತು. ಅವುಗಳನ್ನು ಬೇರ್ಪಡಿಸಿದುದು ಜನಾಭಿಪ್ರಾಯವಲ್ಲ, ಮಾದರಿಗಳ ದಾಖಲೆ. ಆದರೆ ಮಾರ್ಚ್‌ನ ಮಾದರಿಯ ಮೇಲೆ ಕ್ರಮವಾಗುವ ಮೊದಲೇ ಓಟಗಾರ್ತಿಯು ದೋಹಾದಲ್ಲಿ ಓಡಿ, ಗೆದ್ದು, ಸನ್ಮಾನಿತಳಾಗಿ ಅನಂತರ ಅವಮಾನಿತಳಾದುದು ವ್ಯವಸ್ಥೆಯ ವಿಳಂಬಕ್ಕೆ ಸಾಕ್ಷಿ.

2011: ನಂಬಿಕೆಯ ವಿಚಾರಣೆ

ಕರ್ನಾಟಕಕ್ಕೆ ಅತ್ಯಂತ ಸಮೀಪದ ಪ್ರಕರಣವು ದೂರದ ಓಟಕ್ಕೆ ಸಂಬಂಧಿಸಿದುದಲ್ಲ, 400 ಮೀಟರ್ ಓಟಕ್ಕೆ ಸಂಬಂಧಿಸಿದುದು. ಆದರೂ ಅದರಲ್ಲಿ ಖಚಿತಗೊಂಡ ತತ್ತ್ವವು ಎಲ್ಲ ಓಟಗಾರರಿಗೂ ಅನ್ವಯಿಸುವುದರಿಂದ ಅದನ್ನು ಇಲ್ಲಿ ವಿವರವಾಗಿ ಪರಿಶೀಲಿಸುವುದು ಅವಶ್ಯಕ.

ಉಡುಪಿ ಜಿಲ್ಲೆಯ ಸಿದ್ಧಾಪುರದ ಅಶ್ವಿನಿ ಅಕ್ಕುಂಜಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲಿಯೂ ಚಿನ್ನ ಪಡೆದಾಗ ಅವರಿಗೆ 23 ವರ್ಷ. 2011ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅಂತರರಾಜ್ಯ ಅಥ್ಲೆಟಿಕ್ ಕೂಟ ನಡೆಯಿತು. ಆ ಕೂಟದ ಆಸುಪಾಸಿನಲ್ಲಿ, ಸ್ಪರ್ಧೆಯಲ್ಲಿಯೂ ಶಿಬಿರದಲ್ಲಿಯೂ ಸಂಗ್ರಹಿಸಿದ ಮಾದರಿಗಳಲ್ಲಿ ಸ್ಟೀರಾಯ್ಡುಗಳು ಪತ್ತೆಯಾದವು. ಅಶ್ವಿನಿ ಅಕ್ಕುಂಜಿ, ಸಿನಿ ಜೋಸ್, ಮನ್‌ದೀಪ್ ಕೌರ್, ಟಿಯಾನಾ ಮೇರಿ ಥಾಮಸ್, ಜೌನಾ ಮುರ್ಮು ಮತ್ತು ಪ್ರಿಯಾಂಕಾ ಪನ್ವರ್ ವಿಚಾರಣೆಗೆ ಒಳಗಾದರು. ಉಕ್ರೇನಿನ ತರಬೇತುದಾರ ಯೂರಿ ಒಗೊರೊದ್ನಿಕ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಕೇಂದ್ರ ಕ್ರೀಡಾ ಸಚಿವಾಲಯವು ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಸಮಿತಿಯನ್ನು ನೇಮಿಸಿತು.

ಓಟಗಾರ್ತಿಯರ ವಾದವು ಸರಳವಾಗಿತ್ತು. ತರಬೇತುದಾರರು ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆಯ ಪೂರಕವನ್ನು ತಾವು ಸೇವಿಸಿದ್ದು, ಅದು ಕಲುಷಿತವಾಗಿತ್ತು ಎಂಬುದೇ ಆ ವಾದ. ನಾಡಾದ ಶಿಸ್ತು ಮಂಡಳಿಯು 2011ರ ಡಿಸೆಂಬರ್‌ನಲ್ಲಿ ಇದನ್ನು ಭಾಗಶಃ ಮನ್ನಿಸಿ ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಒಕ್ಕೂಟವು ಮೇಲ್ಮನವಿ ಸಲ್ಲಿಸಿತು. 2012ರಲ್ಲಿ ಕ್ರೀಡಾ ನ್ಯಾಯಮಂಡಳಿಯು ನಿಷೇಧವನ್ನು ಎರಡು ವರ್ಷಗಳಿಗೆ ಹೆಚ್ಚಿಸಿತು. ದೇಹದಲ್ಲಿ ಪತ್ತೆಯಾದುದಕ್ಕೆಲ್ಲ ಕ್ರೀಡಾಪಟುವೇ ಹೊಣೆ, ತರಬೇತುದಾರ ಕೊಟ್ಟದ್ದನ್ನು ನಂಬಿ ಸೇವಿಸಿದೆನೆಂಬುದು ಶಿಕ್ಷೆಯನ್ನು ತಗ್ಗಿಸಲು ಸಾಲದು ಎಂಬುದು ಈ ತೀರ್ಪಿನ ಸಾರ.

ಕಾನೂನಿನ ದೃಷ್ಟಿಯಿಂದ ಈ ತತ್ತ್ವಕ್ಕೆ ಬಲವಾದ ಸಮರ್ಥನೆಯಿದೆ. ಪ್ರತಿಯೊಬ್ಬರೂ ‘ನನಗೆ ಗೊತ್ತಿರಲಿಲ್ಲ’ ಎಂದರೆ ಯಾವ ಪ್ರಕರಣವೂ ನಿಲ್ಲದು. ಆದರೆ ಭಾರತದ ತರಬೇತಿ ಶಿಬಿರದ ಸಾಮಾಜಿಕ ರಚನೆಯಲ್ಲಿ ಗುರುವನ್ನು ಪ್ರಶ್ನಿಸುವುದು ಅಷ್ಟು ಸುಲಭವಲ್ಲ. ಊಟ, ವಸತಿ, ಆಯ್ಕೆ, ವಿದೇಶ ಪ್ರಯಾಣ ಇವೆಲ್ಲವೂ ಶಿಬಿರದ ಅಧೀನ. ಇಂಗ್ಲಿಷಿನಲ್ಲಿ ಅಥವಾ ಚೀನೀ ಭಾಷೆಯಲ್ಲಿ ಮುದ್ರಿತವಾದ ಡಬ್ಬಿಯ ಚೀಟಿಯನ್ನು ಓದಿ, ನಿಷೇಧಿತ ಪದಾರ್ಥಗಳ ಪಟ್ಟಿಯೊಡನೆ ಹೋಲಿಸಿ, ಗುರುವಿಗೆ ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಕಾನೂನು ಊಹಿಸಿಕೊಂಡಿತು. ಶಿಬಿರವು ಆ ಸ್ವಾತಂತ್ರ್ಯವನ್ನು ಕಲಿಸಿರಲಿಲ್ಲ. ನಿಷೇಧದಿಂದಾಗಿ ಈ ಓಟಗಾರ್ತಿಯರು ಲಂಡನ್ ಒಲಿಂಪಿಕ್ಸ್‌ನಿಂದ ವಂಚಿತರಾದರು. ಹಿರಿಯ ಅಥ್ಲೀಟ್ ಅಶ್ವಿನಿ ನಾಚಪ್ಪ ಅವರೂ ಅವರ ಸಹವರ್ತಿಗಳೂ ‘ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ’ ಎಂಬ ವೇದಿಕೆಯ ಮೂಲಕ ಕ್ರೀಡಾ ಆಡಳಿತದ ಹೊಣೆಗಾರಿಕೆಯನ್ನು ಬೆಂಗಳೂರಿನಿಂದ ಪ್ರಶ್ನಿಸಿದುದನ್ನು ಈ ಸಂದರ್ಭದಲ್ಲಿ ಸ್ಮರಿಸಬೇಕು.

ರಕ್ತದ ದಾಖಲೆ: ಶಾಸ್ತ್ರೀಯ ಅರ್ಥದ ಅನುಮಾನ

ದೂರದ ಓಟದಲ್ಲಿ ಇಪಿಒ ಪತ್ತೆಯು ಕಷ್ಟಸಾಧ್ಯ. ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡ ಮದ್ದು ಬೇಗನೆ ದೇಹದಿಂದ ಮರೆಯಾಗುತ್ತದೆ, ಅದರ ಪರಿಣಾಮವು ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಆದುದರಿಂದ 2009ರಲ್ಲಿ ವಾಡಾ ‘ಜೈವಿಕ ಪಾಸ್‌ಪೋರ್ಟ್’ ಕ್ರಮವನ್ನು ಜಾರಿಗೆ ತಂದಿತು. ಇದರಲ್ಲಿ ಮದ್ದನ್ನು ಹುಡುಕುವುದಿಲ್ಲ. ಓಟಗಾರನ ಹಿಮೋಗ್ಲೋಬಿನ್ ಮತ್ತು ಎಳೆಯ ಕೆಂಪುಕಣಗಳ ಪ್ರಮಾಣವನ್ನು ವರ್ಷಗಳ ಕಾಲ ದಾಖಲಿಸಿ, ಅವನದೇ ಹಿಂದಿನ ಅಳತೆಗಳೊಡನೆ ಹೋಲಿಸಲಾಗುತ್ತದೆ. ಅಸಹಜ ಏರಿಳಿತ ಕಂಡುಬಂದಲ್ಲಿ, ಓಟಗಾರನ ಹೆಸರನ್ನು ತಿಳಿಸದೆ ತಜ್ಞರ ಮುಂದೆ ಇಡಲಾಗುತ್ತದೆ. ಪೋರ್ಚುಗಲ್‌ನ ಮ್ಯಾರಥಾನ್ ಓಟಗಾರ ಹೆಲ್ಡರ್ ಒರ್ನೆಲಾಸ್ 2012ರಲ್ಲಿ ಈ ಕ್ರಮದಡಿ ಶಿಕ್ಷೆಗೊಳಗಾದ ಮೊದಲ ಅಥ್ಲೀಟ್.

ಇದು ಹೊಗೆಯಿಂದ ಬೆಂಕಿಯನ್ನು ಅರಿಯುವ ಕ್ರಮವೇ ಸರಿ. ನೈಯಾಯಿಕರು ಎಚ್ಚರಿಸಿರುವಂತೆ ಮಂಜನ್ನು ಹೊಗೆಯೆಂದು ಭ್ರಮಿಸುವ ಅಪಾಯವೂ ಇಲ್ಲಿದೆ. ಎತ್ತರದ ಪ್ರದೇಶದಲ್ಲಿ ವಾಸಿಸಿದಾಗ ಹಿಮೋಗ್ಲೋಬಿನ್ ಸಹಜವಾಗಿ ಏರುತ್ತದೆ. ಆದುದರಿಂದ ಊಟಿಯ ಶಿಬಿರದಿಂದ ಬೆಂಗಳೂರಿಗೆ ಇಳಿದ ಓಟಗಾರನ ರಕ್ತದ ಅಳತೆಯನ್ನು ಅವನ ಪ್ರಯಾಣದ ವಿವರವಿಲ್ಲದೆ ಅರ್ಥೈಸಲಾಗದು. ಹರೆಯದ ಹುಡುಗರಲ್ಲಿ ಬೆಳವಣಿಗೆಯೊಡನೆಯೇ ಹಿಮೋಗ್ಲೋಬಿನ್ ಹೆಚ್ಚುತ್ತದೆ. ಹದಿನಾರರಿಂದ ಹತ್ತೊಂಬತ್ತರ ನಡುವೆ ಕಾಲಮಾನದಲ್ಲಿ ಕಾಣುವ ದೊಡ್ಡ ಸುಧಾರಣೆಯು ಒಳ್ಳೆಯ ತರಬೇತಿಯ ಫಲವೂ ಆಗಿರಬಹುದು, ಮದ್ದಿನ ಫಲವೂ ಆಗಿರಬಹುದು, ಸುಳ್ಳು ಜನ್ಮದಿನಾಂಕದ ಫಲವೂ ಆಗಿರಬಹುದು. ಹಿರಿಯ ಓಟಗಾರನಲ್ಲಿ ಹಠಾತ್ ಸುಧಾರಣೆಯು ಅಪವಾದ, ಕಿರಿಯನಲ್ಲಿ ಅದೇ ನಿಯಮ. ವರ್ಷಗಳ ದಾಖಲೆಯನ್ನು ಬೇಡುವ ಪಾಸ್‌ಪೋರ್ಟ್ ಕ್ರಮವು ದಾಖಲೆಯೇ ಇಲ್ಲದ ಎಳೆಯರ ವಿಷಯದಲ್ಲಿ ಕಡಿಮೆ ಫಲಕಾರಿಯಾಗುವುದೂ ಇದೇ ಕಾರಣದಿಂದ.

ಎಳೆಯರ ಪ್ರಶ್ನೆ

2023ರಲ್ಲಿ ಭಾರತದಲ್ಲಿ ನಾಡಾ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213 ದೋಷಯುಕ್ತವೆಂದು ವಾಡಾ ಪ್ರಕಟಿಸಿತು. ಇದು ಶೇ. 3.8ರಷ್ಟಾಗುತ್ತದೆ. ಹಿಂದಿನ ವರ್ಷ 3,865 ಮಾದರಿಗಳಲ್ಲಿ 125 ದೋಷಯುಕ್ತವಾಗಿದ್ದವು. 2024ರ ಜನವರಿಯಲ್ಲಿ ವಾಡಾ ಪ್ರಕಟಿಸಿದ ಮತ್ತೊಂದು ವರದಿಯ ಪ್ರಕಾರ 2012ರಿಂದೀಚೆಗೆ ಜಗತ್ತಿನಲ್ಲಿ 1,416 ಅಪ್ರಾಪ್ತ ವಯಸ್ಕರ ಮಾದರಿಗಳಲ್ಲಿ ದೋಷ ಕಂಡುಬಂದಿದೆ. ಅಂತಹ ಪ್ರಕರಣಗಳು ಹೆಚ್ಚಾಗಿರುವ ದೇಶಗಳಲ್ಲಿ ರಷ್ಯಾ, ಭಾರತ ಮತ್ತು ಚೀನಾ ಮುಂಚೂಣಿಯಲ್ಲಿವೆ. ಶಿಕ್ಷೆಗೊಳಗಾದ ಅತ್ಯಂತ ಕಿರಿಯ ಕ್ರೀಡಾಪಟುವಿನ ವಯಸ್ಸು ಹನ್ನೆರಡು.

ಅಂಕಿಗಳ ಹಿಂದಿನ ವಾಸ್ತವವನ್ನು 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ನಡೆದ ರಾಜ್ಯ ಅಥ್ಲೆಟಿಕ್ ಕೂಟವು ತೋರಿಸಿತು. ನಾಡಾ ಅಧಿಕಾರಿಗಳು ಬಂದರೆಂಬ ಸುದ್ದಿ ಹರಡಿದೊಡನೆ ಪುರುಷರ 100 ಮೀಟರ್ ಅಂತಿಮ ಓಟದ ಆರಂಭರೇಖೆಯಲ್ಲಿ ಒಬ್ಬನೇ ಓಟಗಾರ ಉಳಿದನು. ಸ್ಟೀಪಲ್‌ಚೇಸ್ ಸ್ಪರ್ಧೆಯಲ್ಲಿದ್ದ ಕಿರಿಯ ಓಟಗಾರ್ತಿಯೊಬ್ಬಳು ಅಂತಿಮರೇಖೆಯನ್ನು ದಾಟಿದ ಮೇಲೂ ನಿಲ್ಲದೆ ಓಡುತ್ತಲೇ ಹೋದಳು. ಅಧಿಕಾರಿಯು ಅವಳ ಹಿಂದೆ ಓಡಬೇಕಾಯಿತು. ದೂರದ ರಸ್ತೆ ಓಟಗಳೂ ಇದರಿಂದ ಹೊರತಾಗಿಲ್ಲ. 2024ರ ಡಿಸೆಂಬರ್‌ನ ಪುಣೆ ಹಾಫ್ ಮ್ಯಾರಥಾನ್‌ನಲ್ಲಿ ಪಡೆದ ಮಾದರಿಯ ಆಧಾರದ ಮೇಲೆ ಯುವ ಓಟಗಾರ್ತಿ ಅರ್ಚನಾ ಜಾಧವ್ ಅವರಿಗೆ 2025ರಲ್ಲಿ ನಾಲ್ಕು ವರ್ಷಗಳ ನಿಷೇಧ ವಿಧಿಸಲಾಯಿತು.

ಓಡುತ್ತಲೇ ಹೋದ ಆ ಬಾಲಕಿಗೆ ಪರೀಕ್ಷೆಯ ಭಯವನ್ನು ಕಲಿಸಿದವರು ಯಾರು ಎಂಬ ಪ್ರಶ್ನೆಯು ಇಲ್ಲಿ ಮುಖ್ಯ. 2021ರ ವಾಡಾ ಸಂಹಿತೆಯು ಇದನ್ನು ಗುರುತಿಸಿದೆ. ಹದಿನಾರು ವರ್ಷ ತುಂಬದವರನ್ನು, ಹಾಗೂ ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗಳ ಅನುಭವವಿಲ್ಲದ ಹದಿನೆಂಟರೊಳಗಿನವರನ್ನು ‘ರಕ್ಷಿತ ವ್ಯಕ್ತಿ’ ಎಂದು ಅದು ಪರಿಗಣಿಸುತ್ತದೆ. ಮದ್ದು ದೇಹಕ್ಕೆ ಹೇಗೆ ಸೇರಿತೆಂದು ಸಾಬೀತುಪಡಿಸುವ ಹೊಣೆಯಿಂದ ಅವರಿಗೆ ವಿನಾಯಿತಿಯಿದೆ. ಶಿಕ್ಷೆಯು ಕೇವಲ ವಾಗ್ದಂಡನೆಯಿಂದ ಎರಡು ವರ್ಷಗಳವರೆಗೆ ಇರಬಹುದು. ಹೆಸರನ್ನು ಪ್ರಕಟಿಸುವುದು ಕಡ್ಡಾಯವಲ್ಲ. ಇವೆಲ್ಲಕ್ಕಿಂತ ಮಹತ್ತ್ವದ ಅಂಶವೆಂದರೆ, ಇಂತಹ ಪ್ರಕರಣದಲ್ಲಿ ತರಬೇತುದಾರರು ಮುಂತಾದ ಬೆಂಬಲ ಸಿಬ್ಬಂದಿಯ ತನಿಖೆಯು ತಾನಾಗಿಯೇ ಆರಂಭವಾಗಬೇಕು. ಭಾರತದಲ್ಲಿ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯಿದೆಯು ನಾಡಾಕ್ಕೆ ಶಾಸನಬದ್ಧ ಅಧಿಕಾರವನ್ನು ನೀಡಿರುವುದರಿಂದ ಈ ತನಿಖೆಗೆ ಕಾನೂನಿನ ಆಧಾರವೂ ದೊರೆತಿದೆ.

ಉಪಸಂಹಾರ

1904ರಲ್ಲಿ ಹಿಕ್ಸ್‌ನಿಗೆ ಮದ್ದು ಕೊಟ್ಟವರ ಗುರುತು ಎಲ್ಲರಿಗೂ ಇತ್ತು, ಅದು ತಪ್ಪೆಂಬ ನಿಯಮವಿರಲಿಲ್ಲ. ಇಂದು ನಿಯಮವಿದೆ, ಪ್ರಯೋಗಾಲಯವಿದೆ, ಕಾಯಿದೆಯಿದೆ. ಮದ್ದು ಕೊಟ್ಟವರು ಮಾತ್ರ ಕಡತದಲ್ಲಿ ಅಪರೂಪವಾಗಿ ಕಾಣಿಸಿಕೊಳ್ಳುತ್ತಾರೆ. ಮೂತ್ರದ ಬಾಟಲಿಯು ಯಾವ ಪದಾರ್ಥವೆಂದು ಹೇಳಬಲ್ಲುದು, ಯಾರ ಕೈಯಿಂದ ಬಂದಿತೆಂದು ಹೇಳಲಾರದು. ಪರೀಕ್ಷೆಗಳ ಸಂಖ್ಯೆಯನ್ನು ಹೆಚ್ಚಿಸುವುದರಿಂದ ಮಾತ್ರ ಈ ಕೊರತೆಯು ನೀಗುವುದಿಲ್ಲ.

ಮೇಲಿನ ಅವಲೋಕನದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಯುವ ಓಟಗಾರರ ರಕ್ತದ ಅಳತೆ, ವಯಸ್ಸು, ಶಿಬಿರದ ಸ್ಥಳ, ಸೇವಿಸಿದ ಪೂರಕಗಳು ಇವುಗಳ ವಿವರವನ್ನು ಆರಂಭದಿಂದಲೇ ಕ್ರಮಬದ್ಧವಾಗಿ ದಾಖಲಿಸಿದಲ್ಲಿ ನಿರಪರಾಧಿಗೆ ಅದು ರಕ್ಷೆ, ಅಪರಾಧಿಗೆ ಅದು ತಡೆ. ಪೂರಕವನ್ನು ಕೊಟ್ಟವರ ಹೆಸರೂ ಅದೇ ದಾಖಲೆಯಲ್ಲಿ ಸೇರಿದಲ್ಲಿ ಹೊಣೆಯು ಹಂಚಿಕೆಯಾಗುತ್ತದೆ. ಕ್ರೀಡಾ ಚರಿತ್ರೆಯ ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಕರ್ನಾಟಕದ ಕ್ರೀಡಾ ವಸತಿನಿಲಯಗಳ ಮತ್ತು ಜ್ಞಾನಭಾರತಿಯಂತಹ ಕೇಂದ್ರಗಳ ಕಡತಗಳು, ಕೂಟಗಳ ಫಲಿತಾಂಶ ಪಟ್ಟಿಗಳು, ತರಬೇತುದಾರರ ದಿನಚರಿಗಳು ಇವೆಲ್ಲವೂ ಚರಿತ್ರೆಯ ಆಕರಗಳೇ. ಅವುಗಳನ್ನು ಕಾಪಾಡುವುದು ಗ್ರಂಥಾಲಯಗಳ ಮತ್ತು ಪತ್ರಾಗಾರಗಳ ಕರ್ತವ್ಯ. ದಾಖಲೆಯಿಲ್ಲದೆಡೆ ಪ್ರಾಮಾಣಿಕ ಓಟಗಾರನಿಗೂ ತನ್ನ ಗೆಲುವನ್ನು ಸಾಧಿಸಿ ತೋರಿಸಲು ಬೇರೆ ಪ್ರಮಾಣವಿರುವುದಿಲ್ಲ.